ಕರಿ ಉಣ್ಣೆಯ ಕೊಂಡುಕುರಿ

ನಾನು ದಾವಣಗೆರೆಯವಳು. ಮದುವೆಯಾದ ಮೇಲೆ ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಇದ್ದೇನೆ. ಅಲ್ಲಿ ಎಲ್ಲ ಚೆನ್ನಾಗಿದೆ, ಇಲ್ಲಿ ಏನೂ ಸರಿಯಿಲ್ಲ ಅನ್ನುವ ಹೊರನಾಡಿನವರ ಸಾಲಿಗೆ ನಾನು ಸೇರಿದವಳಲ್ಲ. ಎಷ್ಟೋ ವಿಷಯದಲ್ಲಿ ನಮ್ಮೂರೇ ಮುಂದೆ. ಆದರೆ ಒಂದು ವಿಷಯವನ್ನು ಅಲ್ಲಿಯವರಿಂದ ನಾವು ಕಲಿಯಬೇಕು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಅದು ಕೈಕೆಲಸದಿಂದ ದಾನ ಮಾಡುವುದು. ಅದರಲ್ಲೂ ಫೆಲ್ಟ್ ಕೆಲಸ. ಫೆಲ್ಟ್ ಅಂದ್ರೆ ನೇಯದೆ, ಉಣ್ಣೆಯ ಎಳೆಗಳನ್ನೇ ಒಂದಕ್ಕೊಂದು ಸಿಕ್ಕಿಸಿ ಗಟ್ಟಿ ಮಾಡಿದ ಬಟ್ಟೆ.

ಅಕ್ಟೋಬರ್ ಬಂತು ಅಂದ್ರೆ ಅಲ್ಲಿ ಚರ್ಚಿನ ಹಾಲ್‌ನಲ್ಲೋ, ಶಾಲೆಯಲ್ಲೋ, ಲೈಬ್ರರಿಯ ಮೂಲೆಯಲ್ಲೋ ಮೇಜುಗಳು ಬೀಳುತ್ತವೆ. ಮೇಲೆ ಉಣ್ಣೆಯ ಫೆಲ್ಟ್‌ನಿಂದ ಮಾಡಿದ ಹಕ್ಕಿಗಳು, ಕನ್ನಡಕದ ಚೀಲ, ಸೂಜಿ ಚುಚ್ಚಿಡುವ ಪುಟ್ಟ ದಿಂಬು, ಪುಸ್ತಕದ ಗುರುತು, ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವ ಬಣ್ಣದ ಉಂಡೆಗಳು. ಮಾಡಿದವರೆಲ್ಲ ಆ ಊರಿನವರೇ, ಜಾಸ್ತಿ ವಯಸ್ಸಾದ ಹೆಂಗಸರು, ಕೆಲವು ಗಂಡಸರೂ ಇರುತ್ತಾರೆ. ಪಕ್ಕದಲ್ಲಿ ಒಂದು ಚೀಟಿ: ಈ ದುಡ್ಡು ಇಂಥ ಹಾಸ್ಪೈಸ್‌ಗೆ ಹೋಗುತ್ತದೆ. ಹಾಸ್ಪೈಸ್ ಅಂದ್ರೆ ವಾಸಿಯಾಗದ ಕಾಯಿಲೆಯವರನ್ನು ಕೊನೆಯ ದಿನಗಳಲ್ಲಿ ನೋವಿಲ್ಲದ ಹಾಗೆ ನೋಡಿಕೊಳ್ಳುವ ಜಾಗ. ಸಿಸಿಲಿ ಸಾಂಡರ್ಸ್ ಅನ್ನುವ ವೈದ್ಯೆ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದ ಮೇಲೆ ಇದು ಎಲ್ಲ ಕಡೆ ಹಬ್ಬಿತು. ಅಲ್ಲಿ ಆಸ್ಪತ್ರೆ ಚಿಕಿತ್ಸೆಯನ್ನು ಸರ್ಕಾರವೇ ನೋಡಿಕೊಳ್ಳುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಆದರೆ ಹಾಸ್ಪೈಸ್‌ಗಳ ಖರ್ಚಿನಲ್ಲಿ ಸರ್ಕಾರದಿಂದ ಬರುವುದು ಸುಮಾರು ಮೂರನೇ ಒಂದು ಭಾಗ ಮಾತ್ರ. ಉಳಿದದ್ದನ್ನು ಜನರೇ ಹೊಂದಿಸಬೇಕು. ಅದಕ್ಕೇ ಈ ಮೇಜುಗಳು.

ನಮ್ಮೂರಿನ ದಾನದ ರೀತಿ ಬೇರೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಯಲ್ಲಿ ಮುಕ್ತಿ ಬಾವುಟ ಹರಾಜಿಗೆ ಬರುತ್ತದೆ, ಕೂಗಿದವರು ಲಕ್ಷ ಲಕ್ಷ ಕೊಟ್ಟು ತೆಗೆದುಕೊಳ್ಳುತ್ತಾರೆ. ಮಠಗಳಲ್ಲಿ ದಾಸೋಹ ನಿಲ್ಲುವುದೇ ಇಲ್ಲ. ಸಿರಿಗೆರೆಗೆ ಹೋಗಿ ನೋಡಿ, ಯಾರು ಎಲ್ಲಿಂದ ಬಂದರು ಅಂತ ಕೇಳದೆ ಊಟ ಬಡಿಸುತ್ತಾರೆ. ಇದು ಯಾರ್ಕ್‌ಷೈರಿನಲ್ಲಿ ಇಲ್ಲ. ಅಲ್ಲಿ ಮೇಜಿನ ಮುಂದೆ ನಿಂತವರಿಗೆ ಕೊಟ್ಟ ದುಡ್ಡಿಗೆ ಒಂದು ಹಕ್ಕಿ ಸಿಗಬೇಕು. ನಮ್ಮಲ್ಲಿ ಏನೂ ಸಿಗದೆ ಕೊಡುವವರು ಸಾವಿರಾರು ಜನ ಇದ್ದಾರೆ. ಅದು ದೊಡ್ಡ ಗುಣ, ಅದನ್ನು ನಾನು ಅಲ್ಲಿಯ ಗೆಳತಿಯರಿಗೆ ಹೆಮ್ಮೆಯಿಂದಲೇ ಹೇಳುತ್ತೇನೆ.

ಆದರೆ ನಮ್ಮ ರೀತಿಯಲ್ಲಿ ಯಾರು ಹೊರಗೆ ಉಳಿಯುತ್ತಾರೆ ಅಂತ ನೋಡಿ. ಕೈಯಲ್ಲಿ ದುಡ್ಡಿಲ್ಲದವರು. ಗಂಡನ ಹತ್ತಿರವೋ ಮಗನ ಹತ್ತಿರವೋ ಕೇಳಿಯೇ ನೂರು ರೂಪಾಯಿ ತೆಗೆದುಕೊಳ್ಳಬೇಕಾದ ಹೆಂಗಸರು. ಮಂಡಿ ನೋವಿನಿಂದ ಮನೆ ಬಿಟ್ಟು ಹೊರಗೆ ಬಾರದ ಅಜ್ಜಿಯರು. ಹೈಸ್ಕೂಲ್ ಮಕ್ಕಳು. ಇವರಿಗೆ ಕೊಡುವ ಮನಸ್ಸಿಲ್ಲ ಅಂತಲ್ಲ. ಅಮೃತಶಿಲೆಯ ಕಲ್ಲಿನ ಮೇಲೆ ಹೆಸರು ಕೆತ್ತಿಸುವ ದಾನದಲ್ಲಿ ಇವರಿಗೆ ಜಾಗ ಇಲ್ಲ, ಅಷ್ಟೇ. ಯಾರ್ಕ್‌ಷೈರಿನ ಪಿಂಚಣಿಯ ಅಜ್ಜಿ ಐವತ್ತು ಪೌಂಡ್ ಕೊಡಲಾರಳು, ಆದರೆ ಚಳಿಗಾಲದ ಸಂಜೆಗಳಲ್ಲಿ ಕೂತು ಒಂದು ಬುಟ್ಟಿ ಹಕ್ಕಿ ಹೊಲಿಯುತ್ತಾಳೆ, ಅವು ಐವತ್ತು ಪೌಂಡಿಗಿಂತ ಜಾಸ್ತಿಯೇ ತರುತ್ತವೆ, ಅದಕ್ಕಿಂತ ಮುಖ್ಯವಾಗಿ ಅವಳು ಕೊಡುವವರ ಸಾಲಿನಲ್ಲಿ ನಿಲ್ಲುತ್ತಾಳೆ. ನನ್ನನ್ನು ಹಿಡಿದಿಟ್ಟಿರುವುದು ಇದೇ. ತಿಪ್ಪೇರುದ್ರಸ್ವಾಮಿಗಳ "ಮಾಡಿದಷ್ಟು ನೀಡು ಭಿಕ್ಷೆ" ಮಾತನ್ನು ನಮ್ಮ ಕಡೆ ಲಾರಿಗಳ ಮೇಲೂ ಬರೆಸುತ್ತಾರೆ. ಮಾಡುವುದಕ್ಕೂ ನೀಡುವುದಕ್ಕೂ ಗಂಟು ಹಾಕಿದ ಮಾತು ಹುಟ್ಟಿದ ನೆಲ ನಮ್ಮದು.

ಎಷ್ಟೋ ಕೈಕೆಲಸ ಇರುವಾಗ ಫೆಲ್ಟೇ ಯಾಕೆ? ಯಾಕಂದ್ರೆ ಇದಕ್ಕೆ ಮಗ್ಗ ಬೇಡ, ನೂಲು ಬೇಡ, ಹೊಲಿಗೆ ಯಂತ್ರ ಬೇಡ. ಉಣ್ಣೆಯ ಎಳೆಯ ಮೈಮೇಲೆ ಮೀನಿನ ಮೈಯಲ್ಲಿರುವ ಹಾಗೆ ಸಣ್ಣ ಸಣ್ಣ ಪೊರೆಗಳಿರುತ್ತವೆ. ಬಿಸಿನೀರು, ಸೋಪು ತಾಗಿದಾಗ ಪೊರೆ ಏಳುತ್ತದೆ. ಕೈಯಿಂದ ಉಜ್ಜಿದಾಗ ಒಂದು ಎಳೆಯ ಪೊರೆ ಇನ್ನೊಂದಕ್ಕೆ ಸಿಕ್ಕಿಕೊಳ್ಳುತ್ತದೆ. ಉಜ್ಜುತ್ತಾ ಹೋದ ಹಾಗೆ ಉಣ್ಣೆ ಕುಗ್ಗಿ ಗಟ್ಟಿಯಾಗುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಸ್ವೆಟರ್ ಬಿಸಿನೀರಲ್ಲಿ ಒಗೆದು ಹಾಳಾಯ್ತು ಅನ್ನುತ್ತೇವಲ್ಲ, ಅಲ್ಲಿ ಆಗುವುದೂ ಇದೇ. ಕುಗ್ಗುವುದನ್ನು ಲೆಕ್ಕ ಹಾಕಿ ಮೊದಲೇ ಅಳತೆಯನ್ನು ದೊಡ್ಡದಾಗಿ ಇಟ್ಟುಕೊಳ್ಳಬೇಕು. ಇನ್ನೊಂದು ರೀತಿ ಒಣ ಕೆಲಸ. ಮೈಮೇಲೆ ಮುಳ್ಳಿನಂಥ ಕಚ್ಚುಗಳಿರುವ ಸೂಜಿಯಿಂದ ಹಿಂಜಿದ ಉಣ್ಣೆಯನ್ನು ಚುಚ್ಚುತ್ತಾ ಚುಚ್ಚುತ್ತಾ ಹಕ್ಕಿಯೋ ಕುರಿಯೋ ಆಕಾರ ಬರಿಸುವುದು. ಸೂಜಿ ತುಂಬಾ ಚೂಪು, ಚಿಕ್ಕ ಮಕ್ಕಳ ಕೈಗೆ ಕೊಡಬಾರದು. ಅವರಿಗೆ ಸೋಪು ನೀರಿನ ಉಂಡೆ ಸಾಕು, ಅದರಲ್ಲಿ ಅವರಿಗೆ ಖುಷಿಯೂ ಜಾಸ್ತಿ. ಫೆಲ್ಟ್‌ನಲ್ಲಿ ಹಾಸು ಹೊಕ್ಕು ಇಲ್ಲದ್ದರಿಂದ ಕತ್ತರಿಸಿದರೆ ಅಂಚು ಬಿಚ್ಚುವುದಿಲ್ಲ. ಹೊಸಬರ ಕೈಯಲ್ಲೂ ಕೆಲಸ ಅಚ್ಚುಕಟ್ಟಾಗಿ ಕಾಣುವುದು ಇದರಿಂದಲೇ.

ನನಗೆ ಬೇಸರ ತರುವ ವಿಷಯ ಈಗ ಹೇಳುತ್ತೇನೆ. ನಮ್ಮ ಕಡೆ ಫೆಲ್ಟ್ ಕ್ರಾಫ್ಟ್ ಅಂದ್ರೆ ಸ್ಟೇಷನರಿ ಅಂಗಡಿಯ ಬಣ್ಣದ ಹಾಳೆ. ಅದರಲ್ಲಿ ಒಂದು ಎಳೆ ಉಣ್ಣೆಯೂ ಇರುವುದಿಲ್ಲ, ಪಾಲಿಯೆಸ್ಟರ್ ಇಲ್ಲವೇ ಅಕ್ರಿಲಿಕ್. ಬಿಸಿ ಇಸ್ತ್ರಿ ಪೆಟ್ಟಿಗೆ ತಾಗಿದರೆ ಕರಗುತ್ತದೆ. ನನ್ನ ತಂಗಿಯ ಮಗಳ ಶಾಲೆಯಲ್ಲಿ ಅನಾಥಾಶ್ರಮಕ್ಕೆ ದುಡ್ಡು ಸೇರಿಸಲು ಮಕ್ಕಳು ಫೆಲ್ಟ್ ಹೂವು ಮಾಡಿ ತರಬೇಕು ಅಂತ ಹೇಳಿದ್ದರು. ಅರ್ಧಕ್ಕರ್ಧ ಮನೆಯವರು ರೆಡಿಮೇಡ್ ಹೂವು ಕೊಂಡು ಕಳಿಸಿದರು. ಕೊಂಡದ್ದನ್ನು ಮತ್ತೆ ಮಕ್ಕಳ ಅಪ್ಪ ಅಮ್ಮಂದಿರೇ ಕೊಂಡರು. ಆ ದುಡ್ಡನ್ನು ನೇರವಾಗಿ ಆಶ್ರಮಕ್ಕೆ ಕೊಟ್ಟಿದ್ದರೆ ಅವರಿಗೆ ಇನ್ನೂ ಜಾಸ್ತಿ ಸಿಗುತ್ತಿತ್ತು, ಅಲ್ವಾ? ಮಗುವಿನ ಕೈ ಉಣ್ಣೆ ಮುಟ್ಟಲಿಲ್ಲ, ಏನೂ ಕಲಿಯಲಿಲ್ಲ.

ಆ ಶಾಲೆಯಿಂದ ಚಳ್ಳಕೆರೆ ಬಸ್ಸಿನಲ್ಲಿ ಹೋಗಿ ಸಂಜೆಗೆ ವಾಪಸ್ ಬರುವಷ್ಟು ಹತ್ತಿರ. ಚಳ್ಳಕೆರೆ ಕಂಬಳಿ ಅಂದ್ರೆ ಯಾರಿಗೆ ಗೊತ್ತಿಲ್ಲ? ಕುರುಬರ ಮನೆಗಳಲ್ಲಿ ಉಣ್ಣೆ ಹಿಂಜಿ, ನೂತು, ಗುಂಡಿ ಮಗ್ಗದಲ್ಲಿ ನೇಯ್ದು, ಹುಣಸೆ ಬೀಜದ ಗಂಜಿ ಬಳಿದು ಗಟ್ಟಿ ಮಾಡಿದ ಕಂಬಳಿ. ಅದನ್ನು ಕೊಪ್ಪೆ ಹಾಕಿಕೊಂಡರೆ ಮಳೆಯಲ್ಲೂ ಕುರಿ ಕಾಯಬಹುದು. ಕುರುಬರ ದೇವರು ಬೀರಪ್ಪನ ಪೂಜೆಗೆ ಕಂಬಳಿ ಗದ್ದುಗೆಯೇ ಆಗಬೇಕು. ಆದರೆ ಕಂಬಳಿ ಹೊದೆಯುವವರು ಕಡಿಮೆಯಾದರು, ಗಿರಣಿಯ ಅಗ್ಗದ ಬ್ಲಾಂಕೆಟ್ ಬಂತು. ಈಗ ಕುರಿ ಸಾಕುವುದು ಮಾಂಸಕ್ಕೆ. ಉಣ್ಣೆ ಕತ್ತರಿಸುವ ಕೂಲಿಯೂ ಹುಟ್ಟುವುದಿಲ್ಲ ಅಂತ ಕುರಿಗಾಹಿಗಳು ಹೇಳುತ್ತಾರೆ. ಕತ್ತರಿಸಿದ ಉಣ್ಣೆಯನ್ನು ಹೊಲದಲ್ಲೇ ಬಿಟ್ಟು ಮುಂದೆ ಹೋಗುತ್ತಾರೆ.

ಇದು ನಮ್ಮೊಬ್ಬರ ಕಥೆ ಅಲ್ಲ. ಇಂಗ್ಲೆಂಡಿನಲ್ಲಿ 1950ರಲ್ಲಿ ಶುರುವಾದ ಉಣ್ಣೆ ಮಂಡಳಿ ಇದೆ, ಅದರ ಕಚೇರಿ ಬ್ರಾಡ್‌ಫರ್ಡ್‌ನಲ್ಲಿ. ರೈತರ ಉಣ್ಣೆಯನ್ನೆಲ್ಲ ಸೇರಿಸಿ ಹರಾಜು ಹಾಕುತ್ತದೆ. ಹಾಗಿದ್ದರೂ ಕೆಲವು ವರ್ಷ ಅಲ್ಲಿಯ ರೈತರಿಗೂ ಕತ್ತರಿಸಿದ ಕೂಲಿ ಹುಟ್ಟುವುದಿಲ್ಲ. ಲೇಕ್ ಡಿಸ್ಟ್ರಿಕ್ಟ್ ಬೆಟ್ಟಗಳಲ್ಲಿ ಹರ್ಡ್‌ವಿಕ್ ಅನ್ನುವ ಕುರಿ ತಳಿ ಇದೆ. ಮರಿ ಹುಟ್ಟುವಾಗ ಕಪ್ಪು, ಬೆಳೆದ ಹಾಗೆ ಬೂದಿ ಬಣ್ಣ. ಉಣ್ಣೆ ಒರಟು, ಚುಚ್ಚುತ್ತದೆ, ಬಣ್ಣ ಹಿಡಿಯುವುದಿಲ್ಲ. ನಮ್ಮ ದಖ್ಖನಿ ಕುರಿಯ ಉಣ್ಣೆಗೂ ಇದೇ ಮಾತು ಹೇಳಬಹುದು. ಆದರೆ ಅಲ್ಲಿಯ ಫೆಲ್ಟ್ ಮಾಡುವವರು ಆ ಒರಟು ಬೂದಿ ಉಣ್ಣೆಯನ್ನು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಅದರಲ್ಲಿ ಕುರಿ, ನಾಯಿ, ಗೂಬೆ ಮಾಡುತ್ತಾರೆ, ಚೀಟಿಯ ಮೇಲೆ ತಳಿಯ ಹೆಸರು ಬರೆಯುತ್ತಾರೆ. ಕೊಳ್ಳುವವರು ಅದನ್ನು ನೋಡಿಯೇ ಕೊಳ್ಳುತ್ತಾರೆ. ನಾವೋ, ಮನೆ ಹಿಂದಿನ ಉಣ್ಣೆಯನ್ನು ಬಿಟ್ಟು ಮೆರಿನೋ ಅನ್ನುವ ಹೊರದೇಶದ ತಳಿಯ ಮೆತ್ತನೆ ಉಣ್ಣೆ ತರಿಸಬೇಕು ಅಂತ ಕೂತಿದ್ದೇವೆ.

ನಮ್ಮ ದಖ್ಖನಿ ಕುರಿಯ ಕರಿ ಉಣ್ಣೆಯಲ್ಲಿ ತೊಂದರೆ ಇಲ್ಲ ಅಂತ ನಾನು ಹೇಳುವುದಿಲ್ಲ. ಮೆರಿನೋದಷ್ಟು ಬೇಗ ಅದು ಫೆಲ್ಟ್ ಆಗುವುದಿಲ್ಲ, ಜಾಸ್ತಿ ಉಜ್ಜಬೇಕು. ಕೂದಲು ಹೊರಗೆ ಚಾಚಿಕೊಂಡೇ ಇರುತ್ತದೆ. ಕುತ್ತಿಗೆಗೆ ಸುತ್ತಿಕೊಳ್ಳುವ ಬಟ್ಟೆಗೆ ಅದು ಆಗದು. ಮರಿಗಳ ಮೊದಲ ಕಟಾವಿನ ಉಣ್ಣೆ ಸ್ವಲ್ಪ ಮೆತ್ತಗೆ, ಸಿಕ್ಕರೆ ಅದನ್ನೇ ಹೊರಮೈಗೆ ಬಳಸಬೇಕು. ಉಣ್ಣೆಯಲ್ಲಿ ಜಿಡ್ಡು, ಮಣ್ಣು, ಮುಳ್ಳು ಎಲ್ಲ ಇರುತ್ತದೆ. ಅಂಟುವಾಳದ ನೀರಲ್ಲಿ ನೆನೆಹಾಕಿ, ಕಲಕದೆ, ಹಿಂಡದೆ ಎತ್ತಬೇಕು, ಕಲಕಿದರೆ ತೊಳೆಯುವಾಗಲೇ ಗಂಟು ಬೀಳುತ್ತದೆ. ಇಷ್ಟು ತಾಳ್ಮೆ ಇದ್ದರೆ ಆ ಕಪ್ಪು, ಕಂದು, ಬೂದಿ, ಬಿಳಿ ನಾಲ್ಕು ಬಣ್ಣದಲ್ಲೇ ಎಷ್ಟು ಚಂದದ ಪ್ರಾಣಿಗಳು ಬರುತ್ತವೆ ಗೊತ್ತಾ! ಒರಟು ಕೂದಲು ಪ್ರಾಣಿಯ ಮೈಗೆ ಒಪ್ಪುತ್ತದೆ.

ಏನು ಮಾಡಬೇಕು ಅನ್ನುವುದಕ್ಕೆ ಅಲ್ಲಿಯ ಮಾದರಿಯನ್ನು ಇಲ್ಲಿಗೆ ತರಬಾರದು. ದಾವಣಗೆರೆಯಲ್ಲಿ ಯಾರಿಗೆ ಬೇಕು ಹಿಮದ ಗೊಂಬೆ? ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿ ವನ್ಯಧಾಮ ಇದೆ. ಕೊಂಡುಕುರಿ ಅಂದ್ರೆ ಜಿಂಕೆಯ ಹಾಗೆ ಕಾಣುವ ಕಾಡುಪ್ರಾಣಿ. ಗಂಡಿಗೆ ನಾಲ್ಕು ಕೊಂಬು, ಎರಡು ಉದ್ದ, ಮುಂದೆ ಎರಡು ಗಿಡ್ಡ. ನಮ್ಮ ಜಿಲ್ಲೆಯ ಮಕ್ಕಳಿಗೇ ಇದು ಗೊತ್ತಿಲ್ಲ. ಕಂದು ಉಣ್ಣೆಯಲ್ಲಿ ಅಂಗೈಯಗಲದ ಕೊಂಡುಕುರಿ ಮಾಡಿ, ಯಾವ ಮನೆಗೆ ಉಡುಗೊರೆ ಕೊಟ್ಟರೂ ಜನ ಕೈಯಲ್ಲಿ ಹಿಡಿದು ಇದು ಏನು ಅಂತ ಕೇಳುತ್ತಾರೆ. ಬಾಗಿಲಿಗೆ ಮಾವಿನೆಲೆಯ ತೋರಣ ಮಾಡಬಹುದು, ತೊಟ್ಟಿಲಿಗೆ ಕಟ್ಟುವ ಗಿಣಿ ಗೊಂಚಲು ಮಾಡಬಹುದು. ಮಗುವಿನ ಕೈಗೆ ಸಿಗುವ ಗೊಂಬೆಗೆ ಮಾತ್ರ ಗುಂಡಿಯ ಕಣ್ಣು, ಮಣಿ ಹಾಕಬೇಡಿ, ಕಿತ್ತು ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಬಿಡುತ್ತದೆ. ಕಣ್ಣನ್ನು ದಾರದಲ್ಲೇ ಹೊಲಿಯಿರಿ. ಇದನ್ನು ಅಲ್ಲಿಯವರು ಬಹಳ ಕಟ್ಟುನಿಟ್ಟಾಗಿ ನೋಡುತ್ತಾರೆ, ಒಳ್ಳೆಯ ಪದ್ಧತಿ.

ಇನ್ನು ಮದುವೆ. ನಮ್ಮ ಕಡೆ ಮದುವೆಗೆ ಬಂದವರಿಗೆ ತಾಂಬೂಲದ ಜೊತೆ ಪ್ಲಾಸ್ಟಿಕ್ ಡಬ್ಬಿಯೋ ಸ್ಟೀಲ್ ಬಟ್ಟಲೋ ಕೊಡುತ್ತೇವೆ. ಅದು ಎಲ್ಲರ ಮನೆಯಲ್ಲೂ ಅಟ್ಟದ ಮೇಲೆ ಸೇರಿದೆ. ಅದರ ಬದಲು ಸಣ್ಣ ಫೆಲ್ಟ್ ಚೀಲವೊಂದನ್ನು ಕೊಟ್ಟು, ಇದರ ದುಡ್ಡು ಇಂಥ ಕ್ಯಾನ್ಸರ್ ರೋಗಿಗಳ ಊಟಕ್ಕೆ ಹೋಯಿತು ಅಂತ ಚೀಟಿ ಇಟ್ಟರೆ ಮದುವೆಯ ಮರ್ಯಾದೆ ಹೆಚ್ಚುತ್ತದೆ ಅಂತಲೇ ನನ್ನ ನಂಬಿಕೆ. ಒಂದು ಮದುವೆಯ ಆರ್ಡರ್ ಸಿಕ್ಕರೆ ಒಂದು ಸ್ತ್ರೀಶಕ್ತಿ ಸಂಘಕ್ಕೆ ತಿಂಗಳುಗಟ್ಟಲೆ ಕೆಲಸ.

ಸಂಘ ಅಂದ ಕೂಡಲೇ ಕೂಲಿಯ ಮಾತು ಬರುತ್ತದೆ. ಅಲ್ಲಿಯ ರೀತಿಯನ್ನು ನಾನು ಒಪ್ಪದಿರುವುದು ಇಲ್ಲಿಯೇ. ಯಾರ್ಕ್‌ಷೈರಿನ ಅಜ್ಜಿಗೆ ಪಿಂಚಣಿ ಬರುತ್ತದೆ, ಅವಳು ತನ್ನ ಹೊತ್ತನ್ನು ಪುಕ್ಕಟೆ ಕೊಡಬಹುದು. ದಿನಗೂಲಿ ಮಾಡುವ ಹೆಂಗಸನ್ನು ಒಳ್ಳೆ ಕೆಲಸ ತಾನೇ, ಸುಮ್ನೆ ಮಾಡಿಕೊಡಿ ಅಂತ ಕೂರಿಸುವುದು ತಪ್ಪು. ಉಣ್ಣೆ ಕೊಟ್ಟ ಕುರಿಗಾಹಿಗೂ, ಹಿಂಜಿಕೊಟ್ಟ ಅಜ್ಜಿಗೂ ಮೊದಲು ದುಡ್ಡು ಸಲ್ಲಬೇಕು. ಮನೆಯಲ್ಲಿ ಅನುಕೂಲ ಇದ್ದು ಬಿಡುವಿರುವವರು, ಉದಾಹರಣೆಗೆ ವಿದ್ಯಾನಗರದ ಕಡೆಯ ನಮ್ಮಂಥ ಮನೆಗಳ ಹೆಂಗಸರು, ಪುಕ್ಕಟೆ ಮಾಡಲಿ. ಎರಡನ್ನೂ ಒಂದೇ ಅಳತೆಯಲ್ಲಿ ನೋಡಬಾರದು.

ಲೆಕ್ಕದ ವಿಷಯದಲ್ಲಿ ಮಾತ್ರ ಅಲ್ಲಿಯವರನ್ನೇ ಅನುಸರಿಸಬೇಕು. ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವವರು ಗಿಫ್ಟ್ ಏಡ್ ಚೀಟಿ ತುಂಬಿ ಒಂದು ಪೌಂಡ್ ದಾನ ಕೊಟ್ಟರೆ ಸಂಸ್ಥೆ ಸರ್ಕಾರದಿಂದ ಇನ್ನೂ 25 ಪೆನ್ನಿ ಪಡೆಯಬಹುದು. ಆದರೆ ವಸ್ತು ಕೊಂಡ ಬೆಲೆಗೆ ಅದು ಸಿಗುವುದಿಲ್ಲ, ಕೊಳ್ಳುವುದು ದಾನವಲ್ಲ. ಹಾಗಾಗಿ ಮೇಜಿನ ಮೇಲೆ ಮಾರಾಟದ ಡಬ್ಬಿ ಬೇರೆ, ದಾನದ ಡಬ್ಬಿ ಬೇರೆ. ನಮ್ಮಲ್ಲೂ ತೆರಿಗೆ ವಿನಾಯಿತಿಗೆ ಕೊಡುವ 80ಜಿ ರಸೀದಿ ದಾನಕ್ಕೆ ಮಾತ್ರ, ಗೊಂಬೆ ಕೊಂಡದ್ದಕ್ಕೆ ಇಲ್ಲ. ನಗದಾಗಿ ಕೊಟ್ಟರೆ 2,000 ರೂಪಾಯಿವರೆಗೆ ಮಾತ್ರ ತೆರಿಗೆ ವಿನಾಯಿತಿ. ಇದನ್ನು ಮೊದಲೇ ಹೇಳಿಬಿಟ್ಟರೆ ಆಮೇಲೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಮತ್ತೆ ಎಷ್ಟು ಬಂತು, ಉಣ್ಣೆಗೆ ಎಷ್ಟು ಹೋಯಿತು, ಎಷ್ಟು ಕೊಟ್ಟೆವು ಅನ್ನುವುದನ್ನು ಮಾರಿದ ಜಾಗದಲ್ಲೇ ಹಾಳೆಯ ಮೇಲೆ ಬರೆದು ಅಂಟಿಸಬೇಕು. ನಮ್ಮೂರಲ್ಲಿ ಚಂದಾ ಕೇಳಿ ಬಂದವರನ್ನು ಕಂಡರೆ ಜನ ಬಾಗಿಲು ಹಾಕಿಕೊಳ್ಳುವುದು ಜಿಪುಣತನದಿಂದ ಅಲ್ಲ. ಲೆಕ್ಕ ಕೊಟ್ಟವರನ್ನು ಅವರು ನೋಡಿಲ್ಲ.

ಈ ಸಲ ಬಂದಾಗ ನಮ್ಮ ಬೀದಿಯ ಕೆಲವು ಹೆಂಗಸರ ಜೊತೆ ಮಾತಾಡಿದ್ದೇನೆ. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ, ಅಷ್ಟು ದಿನ ಕಾಯುವುದು ಬೇಡ, ಗೌರಿ ಹಬ್ಬಕ್ಕೆ ಮೊದಲ ಮೇಜು ಹಾಕೋಣ ಅಂತ ಅವರೇ ಹೇಳಿದರು. ಚಳ್ಳಕೆರೆಯಿಂದ ಉಣ್ಣೆ ತರಿಸುವುದು ನನ್ನ ಜವಾಬ್ದಾರಿ, ಸೂಜಿಗಳನ್ನೂ ಬರುವಾಗ ತಂದಿದ್ದೇನೆ. ಹಿಂಜುವುದನ್ನು ಕಲಿಸಲು ಚಳ್ಳಕೆರೆ ಕಡೆಯ ಕಂಬಳಿ ನೇಯುವ ಮನೆಯವರೊಬ್ಬರು ಒಪ್ಪಿದ್ದಾರೆ, ಅವರಿಗೆ ದಿನದ ಕೂಲಿ ಮತ್ತು ಬಸ್ ಚಾರ್ಜ್ ಕೊಡುತ್ತೇವೆ. ದುಡ್ಡು ಯಾವುದಕ್ಕೆ ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ. ಆಸ್ಪತ್ರೆಯಲ್ಲಿ ಮಗುವನ್ನು ಸೇರಿಸಿ ಹೊರಗೆ ಕಾಯುತ್ತಾ ಮಲಗುವ ಹಳ್ಳಿಯ ತಾಯಂದಿರಿಗೆ ಕಂಬಳಿ ಕೊಡಿಸೋಣ ಅಂತ ಒಬ್ಬರು ಹೇಳಿದರು, ನನ್ನ ಮತ ಅದಕ್ಕೇ.