ಗಂಟೆಯ ಬಾಡಿಗೆ ನೋಡಿ ಯಂತ್ರ ಆರಿಸಬೇಡಿ

‘ಕೃಷಿ ಹೊಂಡ ಹಿಗ್ಗಿಸಲು ಜೆಸಿಬಿ ಸಾಕು, ಹಿಟಾಚಿ ದುಬಾರಿ’ ಎಂದು ಲೇಖನವೊಂದರಲ್ಲಿ ಬಂದ ಮಾತನ್ನು ನಾನು ಒಪ್ಪುವುದಿಲ್ಲ. ಹೊಸದುರ್ಗದ ಕಡೆ ನಮ್ಮ 12 ಮೀಟರ್ ಚೌಕದ ಹೊಂಡವನ್ನು 21 ಮೀಟರಿಗೆ ಹಿಗ್ಗಿಸಲು ನಾನೂ ಮೊದಲು ಜೆಸಿಬಿಯನ್ನೇ ಕರೆಸಿದ್ದೆ. ತಳದಲ್ಲಿ ಹಳೆಯ ಕೆಸರಿತ್ತು. ಟೈರು ಹೂತು, ಅದನ್ನು ಎಳೆಯುವುದರಲ್ಲೇ ಅರ್ಧ ದಿನ ಹೋಯಿತು. ಬಾಡಿಗೆ ಮೀಟರ್ ಮಾತ್ರ ಓಡುತ್ತಲೇ ಇತ್ತು! 20 ಟನ್ನಿನ ಹಿಟಾಚಿ ಚೈನಿನ ಮೇಲೆ ನಿಲ್ಲುತ್ತದೆ, ದಡದಿಂದಲೇ ಒಂಬತ್ತು ಮೀಟರಿನಷ್ಟು ಕೈ ಚಾಚುತ್ತದೆ, ಅದರ ಬಕೆಟ್ಟಿಗೆ ಜೆಸಿಬಿಯ ಹಿಂಬದಿಯ ಬಕೆಟ್ಟಿನ ಮೂರರಷ್ಟು ಮಣ್ಣು ಬರುತ್ತದೆ. ಟ್ರೈಲರಿನಲ್ಲಿ ತರಿಸುವ ಖರ್ಚು ಬೇರೆ, ನಿಜ. ಹಾಗಾಗಿ ಒಂದೆರಡು ಗಂಟೆಯ ಹೂಳೆತ್ತುವ ಕೆಲಸಕ್ಕೆ ಅದನ್ನು ಕರೆಸುವುದು ದಂಡವೇ.

ಆ ಲೇಖನದಲ್ಲಿ ಮಣ್ಣು ಸಾಗಿಸುವ ಮಾತೇ ಇಲ್ಲ. 3 ಮೀಟರ್ ಆಳ, ಒಂದಕ್ಕೊಂದು ಇಳಿಜಾರು (ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಒಳಕ್ಕೆ) ಹಿಡಿದರೆ ನಮ್ಮ ಹೊಂಡದಿಂದ ಹೊಸದಾಗಿ ತೆಗೆಯಬೇಕಾದದ್ದು ಸುಮಾರು 730 ಘನ ಮೀಟರ್. ಅಗೆದ ಮಣ್ಣು ಉಬ್ಬಿ 900 ದಾಟುತ್ತದೆ. ಒಂದು ಟ್ರ್ಯಾಕ್ಟರ್ ಟ್ರೈಲರಿಗೆ ಮೂರು ಘನ ಮೀಟರ್ ಎಂದರೂ ಮುನ್ನೂರು ಲೋಡು! ಎರಡೇ ಟ್ರ್ಯಾಕ್ಟರ್ ಇಟ್ಟುಕೊಂಡರೆ ಎಂಥ ಹಿಟಾಚಿಯೂ ಸುಮ್ಮನೆ ನಿಂತು ಬಾಡಿಗೆ ತಿನ್ನುತ್ತದೆ. ನಾವು ಐದು ಟ್ರ್ಯಾಕ್ಟರ್ ಗೊತ್ತು ಮಾಡಿ, ಮೇಲ್ಮಣ್ಣನ್ನು ಬೇರೆ ತೆಗೆಸಿ ನಮ್ಮ ತೋಟಕ್ಕೇ ಹೊಡೆಸಿದೆವು. ಇಳಿಜಾರು ಸವರಿ, ಬದು ಕಟ್ಟಲು ಕೊನೆಗೆ ಅದೇ ಜೆಸಿಬಿಯನ್ನು ಮತ್ತೆ ಕರೆಸಿದೆವು. ಆ ಕೆಲಸಕ್ಕೆ ಅದೇ ಸರಿ.