ನಡುಗಡಲಿನ ಬುರುಡೆ

ಬ್ಯಾಂಕಿನಲ್ಲಿ ಪೆನ್ನಿಗೆ ದಾರ ಕಟ್ಟಿರುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ನೀರಿನ ಲೋಟಕ್ಕೆ ಸರಪಳಿ. ನಾವು ಒಬ್ಬರನ್ನೊಬ್ಬರು ನಂಬುವುದು ಅಷ್ಟು. ಅಂಥ ನಾವು ದಡವೇ ಕಾಣದ ನಡುಗಡಲಲ್ಲಿ ಸೋಲಾರ್ ಪ್ಯಾನೆಲ್, ಬ್ಯಾಟರಿ, ಆಂಟೆನಾ ಹೊತ್ತ ತೇಲುಬುರುಡೆಗಳನ್ನು ಬಿಟ್ಟು ಬಂದಿದ್ದೇವೆ. ಕಾವಲಿಗೆ ಒಬ್ಬನೂ ಇಲ್ಲ.

ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 1996ರಿಂದ ಈ ಕೆಲಸ ಮಾಡುತ್ತಿದೆ. ಗಾಳಿ ಎಷ್ಟು, ಅಲೆ ಎಷ್ಟೆತ್ತರ, ನೀರು ಎಷ್ಟು ಬಿಸಿ ಎಂದು ಅಳೆದು ಉಪಗ್ರಹದ ಮೂಲಕ ಸುದ್ದಿ ಕಳಿಸುತ್ತವೆ ಈ ಬುರುಡೆಗಳು. ಸರ್ಕಾರಿ ಸ್ವತ್ತಿನಲ್ಲಿ ಬುರುಡೆ ಬಿಡದೇ ಇರುವುದು ಬಹುಶಃ ಇವು ಮಾತ್ರ.

ಸುದ್ದಿ ಹೋಗುವುದು ಹೈದರಾಬಾದಿಗೆ. ಹೌದು, ದೇಶದ ಸಾಗರ ಮಾಹಿತಿ ಕೇಂದ್ರ ಇರುವುದು ಅಲ್ಲೇ. ಆ ಊರು ಕಂಡ ಸಾಗರ ಅಂದರೆ ಹುಸೇನ್ ಸಾಗರ. 2004ರ ಸುನಾಮಿ ಬಂದಾಗ ಹಿಂದೂ ಮಹಾಸಾಗರಕ್ಕೆ ಮುನ್ನೆಚ್ಚರಿಕೆ ವ್ಯವಸ್ಥೆಯೇ ಇರಲಿಲ್ಲ. ಊರು ಕೊಳ್ಳೆ ಹೋದ ಮೇಲೆ, 2007ರಲ್ಲಿ, ಅಲ್ಲಿ ಕೋಟೆ ಬಾಗಿಲು ಹಾಕಿದೆವು. ಬಾಗಿಲು ಗಟ್ಟಿಯಾಗಿಯೇ ಇದೆ, ಸುಮ್ನೆ ಹೇಳಬಾರದು.

ಆರ್ಗೋ ಅನ್ನುವ ಇನ್ನೊಂದು ಜಾತಿಯ ಯಂತ್ರವಿದೆ. ಜಗತ್ತಿನ ಕಡಲುಗಳಲ್ಲಿ ಸುಮಾರು 4000 ಇವೆ. ಇವಕ್ಕೆ ಲಂಗರಿಲ್ಲ. 2000 ಮೀಟರ್ ಆಳಕ್ಕೆ ಇಳಿದು, 10 ದಿನಕ್ಕೊಮ್ಮೆ ಮೇಲೆ ಬಂದು, ವರದಿ ಒಪ್ಪಿಸಿ ಮತ್ತೆ ಮುಳುಗುತ್ತವೆ. ನಮ್ಮ ಕಚೇರಿಗಳಲ್ಲೂ 10 ದಿನಕ್ಕೊಮ್ಮೆ ತಲೆ ತೋರಿಸಿ ಮುಳುಗುವವರಿದ್ದಾರೆ. ವರದಿಯೊಂದು ಇರುವುದಿಲ್ಲ, ಅಷ್ಟೇ.

ಲಂಗರು ಹಾಕಿದ ಬುರುಡೆಗಳದ್ದೇ ಕಷ್ಟ. ಕಡಲಲ್ಲಿ ಏನೇ ತೇಲಿದರೂ ಅದರ ಕೆಳಗೆ ಮೀನು ಸೇರುತ್ತದೆ. ಮೀನು ಇದ್ದಲ್ಲಿಗೆ ಬೋಟು ಬರುತ್ತದೆ. ಬಂದ ಬೋಟನ್ನು ಕಟ್ಟಲು ಗೂಟ ಬೇಕಲ್ವಾ? ಸರ್ಕಾರವೇ ನೆಟ್ಟ ಗೂಟ ಎದುರಿಗಿದೆ. ಬಲೆ ಸಿಕ್ಕಿಕೊಂಡರೆ ಬಲೆ ಕೊಯ್ಯುತ್ತಾರೆಯೇ? ಬುರುಡೆಯ ಹಗ್ಗ ಕೊಯ್ಯುತ್ತಾರೆ. ಕೆಲವೊಮ್ಮೆ ಸೋಲಾರ್ ಪ್ಯಾನೆಲ್ಲೂ ದಡ ಸೇರುತ್ತದೆ. ಜಗತ್ತಿನ ಬೇರೆ ಕಡಲುಗಳಲ್ಲೂ ಇದೇ ಕತೆ. ಸಾಲದ ಡೀಸೆಲ್ ಸುಟ್ಟು ಅಷ್ಟು ದೂರ ಹೋದವನಿಗೆ ಆ ಡಬ್ಬ ಯಾಕಿದೆ ಎಂದು ಕೂತು ಹೇಳಿದವರು ಎಷ್ಟು ಜನ, ಅದೂ ಪ್ರಶ್ನೆಯೇ.

ತಮಾಷೆ ಅಂದರೆ, ಬಂದರು ಬಿಡುವ ಮುಂಚೆ "ಅಲೆ ಹೇಗುಂಟು ನೋಡು ಮಾರಾಯ" ಎಂದು ಮೊಬೈಲ್ ತೆಗೆಸಿದವರೂ ಇವರೇ. ಅಲೆ ಅಳೆಯುವ ಡಬ್ಬಕ್ಕೇ ಈಗ ಬೋಟು ಕಟ್ಟಿದೆ. ನಾಳೆ ಚಂಡಮಾರುತ ಬಂದರೆ ಟಿವಿಯಲ್ಲಿ ಒಂದೇ ಕೂಗು: "ಮೊದಲೇ ಯಾಕೆ ಹೇಳಲಿಲ್ಲ?"

ನನ್ನದೊಂದು ಸಲಹೆ. ಗೋಡೆಗೆ ಉಚ್ಚೆ ಹೊಯ್ಯದಿರಲಿ ಎಂದು ದೇವರ ಟೈಲ್ಸ್ ಅಂಟಿಸುತ್ತೇವಲ್ಲ, ಹಾಗೆ ಪ್ರತಿ ಬುರುಡೆಯ ಮೇಲೂ ಮೀನುಗಾರರು ನಂಬುವ ಕಡಲ ದೈವ ಬೊಬ್ಬರ್ಯನ ಒಂದು ಕಲ್ಲು ಇಡಿ. ನಮ್ಮ ಕರಾವಳಿಯಲ್ಲಿ ಯಾರೂ ಕೈ ಹಚ್ಚುವುದಿಲ್ಲ. ಮಲ್ಪೆಯ ಗೆಳೆಯನಿಗೆ ಇದನ್ನು ಹೇಳಿದೆ. ಅವನು ತಲೆ ಆಡಿಸಿದ. "ಬೇಡ ಮಾರಾಯ. ಮೊದಲು ಹರಕೆಯ ಬೋಟು ಬರ್ತದೆ. ಆಮೇಲೆ ಜೀರ್ಣೋದ್ಧಾರ ಸಮಿತಿ. ಸಮಿತಿ ಬಂದ ಮೇಲೆ ಒಂದು ಹುಂಡಿ ಇಡದೆ ಆಗ್ತದಾ? ಆ ಹುಂಡಿಗೆ ಸರಪಳಿ ಯಾರು ಹಾಕೋದು?"