ಏಪ್ರಿಲ್ ಎಲ್ಲಿ ಹೋಯ್ತು?

ಅಂಗಡಿಯ ಎಕ್ಸೆಲ್ ಶೀಟನ್ನು ಎಐಗೆ ಕೊಟ್ಟು, ಮೊದಲ ಕ್ವಾರ್ಟರ್‌ನಲ್ಲಿ ಎಷ್ಟು ವ್ಯಾಪಾರ ಅಂತ ಕೇಳಿದೆ. ಜನವರಿಯಿಂದ ಮಾರ್ಚ್‌ವರೆಗೆ ಕೂಡಿಸಿ ಕೊಟ್ಟಿತು! ನಮ್ಮ ಲೆಕ್ಕದ ವರ್ಷ ಶುರುವಾಗುವುದು ಏಪ್ರಿಲ್ 1ಕ್ಕೆ ಅಲ್ವಾ? ತಿದ್ದಿ ಹೇಳಿದೆ. ‘ಕ್ಷಮಿಸಿ, ನೀವು ಹೇಳಿದ್ದೇ ಸರಿ’ ಎಂದು ಬೆಣ್ಣೆ ಹಚ್ಚಿತು. ಈ ಸಲ 07/04 ಅನ್ನು ಜುಲೈ 4 ಅಂತ ಓದಿಕೊಂಡಿತು. ಏಪ್ರಿಲ್ 7ರ ಬಿಲ್ಲುಗಳೆಲ್ಲ ಜುಲೈಗೆ ಗುಳೆ ಹೋದವು. 13ನೇ ತಾರೀಖಿನಿಂದ ಆಚೆಗೆ ಮಾತ್ರ ಸರಿಯಾಗಿತ್ತು. ಪುಣ್ಯಕ್ಕೆ 13ನೇ ತಿಂಗಳು ಅನ್ನೋದು ಇಲ್ಲವಲ್ಲ! ಇಷ್ಟು ತಪ್ಪಿಟ್ಟುಕೊಂಡು ಆ ಗತ್ತು ನೋಡಬೇಕಿತ್ತು. ಬಣ್ಣಬಣ್ಣದ ಚಾರ್ಟ್ ಬೇರೆ. ನಾನು ಕೇಳಿಯೇ ಇರಲಿಲ್ಲ. ನಾಳೆ ಆಡಿಟರ್‌ಗೆ ಲೆಕ್ಕ ಕೊಡಬೇಕು. ರಾತ್ರಿ ಹನ್ನೊಂದಾಯಿತು, ಹಳೇ ಕ್ಯಾಲ್ಕುಲೇಟರ್ ಹಿಡಿದು ಕೂತಿದ್ದೇನೆ. ಪಾಪ, ಅದಕ್ಕೆ ಕ್ಷಮೆ ಕೇಳೋಕೆ ಬರಲ್ಲ.